ನೀತಾ ಬರೆದದ್ದು ನನ್ನ ಉತ್ತರ

ನಿಗಡಿ, ಪುಣೆ
ಗುರುವಾರ

ಚಿ. ಸೌ. ಶೀತಲಗೆ, ಇದೇ ಮನೆಯ ಹೊರಕೋಣೆಯಿಂದ ನಿನ್ನ ಮಾವ ಬರೆಯುವುದು.

ಒಂದೇ ಮನೆಯಲ್ಲಿದ್ದು ಪತ್ರವೇಕೆ ಎನ್ನಬೇಡ. ಮಾವ ಸೊಸೆ ಎದುರುಬದುರು ಕೂತು ಮಾತಾಡುವ ರೂಢಿ ನಮ್ಮಲ್ಲಿಲ್ಲ. ನಿನ್ನ ಅತ್ತೆ ಕಾಶವ್ವ ಇರುವ ತನಕ ನಿನಗೆ ಹೇಳುವುದನ್ನು ಅವಳ ಕಡೆಯಿಂದ ಹೇಳಿಸಿದೆ. ಅವಳು ತೀರಿಕೊಂಡ ಮೇಲೆ ನಿನ್ನ ಮಗಳ ಕಡೆಯಿಂದ. ಈ ಮಾತನ್ನು ಮಾತ್ರ ನೀತಾಳ ಕೈಯಲ್ಲಿ ಕಳಿಸಲಾರೆ. ನಿನ್ನ ಗಂಡ ಶಿವರಾಜ ರಾಂಜಣಗಾಂವದ ಕೆಲಸದಿಂದ ಶನಿವಾರ ಬರುವ ತನಕ ಕಾಯುವ ಹಾಗೂ ಇಲ್ಲ.

ಗಣಿತದಲ್ಲಿ ಇಪ್ಪತ್ತಕ್ಕೆ ನಾಲ್ಕು ಬಂದವೆಂದು ಅವಳನ್ನು ಲೆಕ್ಕ, ವಿಜ್ಞಾನ ಇಂಗ್ಲಿಷಿನಲ್ಲಿ ಕಲಿಸುವ ಸೆಮಿ ಇಂಗ್ಲಿಷ್ ವರ್ಗದಿಂದ ಬಿಡಿಸಲು ನಾಳೆ ಶಾಲೆಯಲ್ಲಿ ಸಹಿ ಮಾಡಲಿದ್ದೀಯಂತೆ. ಐ ಬೆಗ್ ಟು ಸ್ಟೇಟ್ (ಅರ್ಜಿ ಹೀಗೆ ಶುರು ಮಾಡಲು ಕಾಲೇಜಿನಲ್ಲಿ ಕಲಿಸಿದ್ದರು, ಮುಂದಿನದು ಮರೆತಿದೆ), ಆ ನಾಲ್ಕು ಅಂಕ ನನ್ನವು.

ಪುಸ್ತಕ ಇಂಗ್ಲಿಷಿನಲ್ಲಿದೆ, ಅಜ್ಜ ಕಾಲೇಜು ಕಲಿತವರು ಎಂದು ನೀನು ಅವಳನ್ನು ನನ್ನ ಹತ್ತಿರ ಕೂರಿಸಿದೆ. ನನ್ನ ಇಂಗ್ಲಿಷ್ ಅರ್ಧ, ಲೆಕ್ಕ ಕಾಲು, ಹೇಳಲು ನಾಚಿಕೆಯಾಯಿತು. ಏಳರಲ್ಲಿ, ಬ್ರ್ಯಾಕೆಟ್ಟಿನೊಳಗಿನ ಎಕ್ಸ್ ಮೈನಸ್ ಎರಡನ್ನು ಕಳೆದರೆ ನಾಲ್ಕು, ಎಕ್ಸ್ ಎಷ್ಟು? ಅವಳು ಐದು ಎಂದಳು. ನಾನು ಬ್ರ್ಯಾಕೆಟ್ ತೆಗೆದು, ಒಳಗಿನ ಮೈನಸ್ಸನ್ನು ಹಾಗೇ ಇಳಿಸಿ, ಒಂದು ಎಂದೆ.

“ಹೊರಗ ಮೈನಸ್ ಅದಲ್ಲಾ ಅಜ್ಜಾ, ಒಳಗಿಂದು ಪ್ಲಸ್ ಆಗ್ತದ,” ಎಂದಳು.

“ಕಾಲೇಜ್ ಕಲ್ತಾಂವ ನಾನೋ ನೀನೋ?” ಎಂದು ಅಳಿಸಲು ಹಚ್ಚಿದೆ. ರೇಖಾಗಣಿತದಲ್ಲೂ ಅದೇ ದರ್ಬಾರು. ಮೂಲೆ ನೆಟ್ಟಗೆ ಕಂಡರೆ ಸಾಕು, ತೊಂಬತ್ತು ಡಿಗ್ರಿ ಎಂದು ಬರೆಸಿ, ಹೆನ್ಸ್ ಪ್ರೂವ್ಡ್ ಎನ್ನುತ್ತಿದ್ದೆ. ಶಿಕ್ಷಕಿ ಅವಳ ಲೆಕ್ಕದ ವಹಿಯ ತುಂಬ ಕೆಂಪು ಗೀಟು ಎಳೆದ ದಿನ, ಈಗಿನವರಿಗೆ ಏನು ಬರುತ್ತದೆ ಎಂದು ಸಿಟ್ಟು ಮಾಡಿ ಊಟ ಬಿಟ್ಟು ಕೂತೆ. ಹೊಟ್ಟೆನೋವು ಎಂದು ನಿನಗೆ ಹೇಳಿ ಕಳಿಸಿದ್ದೂ ಅವಳ ಕೈಯಲ್ಲೇ.

ಇವತ್ತು ನೀನು ಕೆಲಸಕ್ಕೆ ಹೋದ ಮೇಲೆ ಪರೀಕ್ಷೆಯ ಕಾಗದ ತೆಗೆದು ನೋಡಿದೆ. ಕೊನೆಯ ಪುಟದ ರಫ್ ಕೆಲಸದಲ್ಲಿ ಎಲ್ಲವೂ ಅವಳ ರೀತಿ, ಎಲ್ಲವೂ ಸರಿ. ಒಳಗೆ ಉತ್ತರದಲ್ಲಿ ನನ್ನ ರೀತಿ. ಯಾಕವ್ವಾ ಎಂದು ನೀತಾಳನ್ನು ಕೇಳಿದೆ.

“ನಾ ನನ್ನ ರೀತಿ ಬರದ್ರ, ಪೇಪರ್ ಬಂದ ಸಂಜಿಗೆ ನೀವು ನೋಡ್ತಿದ್ರಿ. ಮತ್ತ ಊಟ ಬಿಡ್ತಿದ್ರಿ.”

ಈ ಅಂಕಗಳಿಗಾಗಿ ನಿನ್ನ ಕೈಯಿಂದ ಪೆಟ್ಟು ತಿನ್ನುವಾಗಲೂ ಹುಡುಗಿ ನನ್ನ ಹೆಸರು ಎತ್ತಲಿಲ್ಲ. ನಾನು ಇದೇ ಕೋಣೆಯಲ್ಲಿ ಕೇಳುತ್ತ ಕೂತಿದ್ದೆ, ಶೀತಲ. ಎದ್ದು ಬರಲಿಲ್ಲ.

ಸಹಿ ಮಾಡಬೇಡ. ಶಿಕ್ಷಕಿಗೆ ಆ ಕೊನೆಯ ಪುಟ ತೋರಿಸು. ನಾನೂ ಬಂದು ನನಗೆ ಬರುವ ಮರಾಠಿಯಲ್ಲಿ ಒಪ್ಪಿಕೊಳ್ಳುತ್ತೇನೆ. ನೀತಾಳನ್ನು ಕೇಳಿದರೆ ಅಜ್ಜಂದೇನೂ ತಪ್ಪಿಲ್ಲ ಅಂದಾಳು. ನಂಬಬೇಡ.

ದೊಡ್ಡವರ ತಪ್ಪನ್ನು ಅವರ ಮುಖಕ್ಕೇ ತಪ್ಪು ಎನ್ನುವ ಧೈರ್ಯ ನಿನ್ನ ಮಗಳಿಗೆ ಬರಲಿ, ಅದು ನನ್ನಿಂದಲೇ ಶುರುವಾಗಲಿ ಎಂದು ಹರಸುವ,

ನಿನ್ನ ಮಾವ
ಗೂಳಪ್ಪ