ಮುಚ್ಚಳ ಯಾರೂ ತೆಗೆಯದ ದಿನ

ಅತ್ತೆ,

ನೀವು ಹೋದ ಮೇಲೆ ಇವತ್ತೇ ಮೊದಲ ಸಲ ಸ್ಲೋ ಕುಕ್ಕರ್ ಇಟ್ಟೆ. ಬೆಳಿಗ್ಗೆ ನೆನೆದ ಹುರುಳಿಯನ್ನು ಅದಕ್ಕೆ ಸುರಿದು, ಸ್ವಿಚ್ ಹಾಕಿ ಮೆಟ್ರೋಗೆ ಓಡಿದೆ. ಸಂಜೆ ಎರ್ನಾಕುಲಂನಿಂದ ಕಳಮಶ್ಶೇರಿಯ ಮನೆಗೆ ಬಂದಾಗ ಸಾರು ತಯಾರಾಗಿತ್ತು.

ನೀವಿದ್ದಾಗ ಅದು ಹೊತ್ತಿಗೆ ಸರಿಯಾಗಿ ಬೆಂದದ್ದೇ ಇಲ್ಲ. "ಬೆಂಕಿಯೇ ಕಾಣದ ಅಡಿಗೆಯನ್ನು ನಂಬುವುದು ಹೇಗೆ ಮಾರಾಯ್ತಿ," ಎಂದು ಮುಚ್ಚಳ ತೆಗೆದು ನೋಡುತ್ತಿದ್ದಿರಿ. ತೆಗೆದಷ್ಟೂ ಬಿಸಿ ಆರಿ ಊಟ ತಡವಾಗುತ್ತಿತ್ತು. ಕೊನೆಕೊನೆಗೆ ನಾನು ಮುಚ್ಚಳಕ್ಕೆ ಟೇಪು ಅಂಟಿಸಿ ಆಫೀಸಿಗೆ ಹೋಗುತ್ತಿದ್ದೆ. ನೀವು ಅದನ್ನು ಬಿಡಿಸಿ, ನಾನು ಬರುವಷ್ಟರಲ್ಲಿ ಮೊದಲಿನಂತೆಯೇ ಅಂಟಿಸಿಡುತ್ತಿದ್ದಿರಿ.

ಊಟ ಇವತ್ತು ಬೇಗ ಆಯಿತಲ್ಲ ಎಂದು ನಿಮ್ಮ ಮೊಮ್ಮಗಳು ಕೃತಿ ಮಲಯಾಳಂನಲ್ಲೇ ಹೇಳಿ ತಟ್ಟೆ ತಂದಳು. ಮೂವರೂ ಒಟ್ಟಿಗೆ ಕೂತೆವು. ಮೊದಲ ತುತ್ತಿಗೇ ನಿಮ್ಮ ಮಗ ನನ್ನ ಮುಖ ನೋಡಿದರು. ಸಾರಿಗೆ ಉಪ್ಪೇ ಇರಲಿಲ್ಲ.

"ಬೆಳಗ್ಗಿನ ಗಡಿಬಿಡಿಯಲ್ಲಿ ನೀನು ಮರೆಯುವುದು ಇದ್ದದ್ದೇ," ಎಂದರು. "ಅಮ್ಮ ಮಧ್ಯಾಹ್ನ ನೋಡಿ ಹಾಕ್ತಿದ್ದಳು. ನಿನಗೆ ಹೇಳುವುದು ಬೇಡ ಅಂದಿದ್ದಳು."

ನಾನು ಎದ್ದು ಹೋಗಿ ಉಪ್ಪಿನ ಭರಣಿ ತಂದೆ. ಅಷ್ಟು ಸಾರಿಗೆ ಎಷ್ಟು ಹಾಕಬೇಕೆಂದು ನನಗೆ ಗೊತ್ತಾಗಲಿಲ್ಲ.