ಲಾಡ್ಲೆಸಾಬರ ಹೆಸರು

ಜೈನಬ್ ಆಪಾ,

ಭಾಲ್ಕಿಯಲ್ಲಿ ನೀವು ರೈಲು ಹತ್ತಿದ್ದನ್ನು ಕಂಡವರಿದ್ದಾರೆ. ಎಲ್ಲಿ ಇಳಿದಿರೆಂದು ಯಾರಿಗೂ ಗೊತ್ತಿಲ್ಲ. ಆದರೂ ಬರೆಯುತ್ತಿದ್ದೇನೆ.

ಈ ವರ್ಷ ಸತ್ತವರನ್ನು ನೆನೆಯಲು ಇವತ್ತು ಊರೆಲ್ಲ ಬಸವಣ್ಣನ ಗುಡಿ ಮುಂದೆ ಸೇರಿತ್ತು. ಹಿರಿಯರಾದ ಮಲ್ಲಿಕಾರ್ಜುನಪ್ಪನವರು ನಿಜಾಮನ ರಜಾಕಾರರು ಕೊಂದವರ ಹೆಸರುಗಳನ್ನಷ್ಟೇ ಹೇಳಿ ಮುಗಿಸಿದರು. ನಾನು ಎದ್ದು ನಿಂತೆ.

"ಲಾಡ್ಲೆಸಾಬರ ಹೆಸರು ಬಿಟ್ರಲ್ಲರಿ, ಯಪ್ಪಾ."

ಪೊಲೀಸ್ ಆಕ್ಷನ್ ಆಗಿ ನಿಜಾಮ ಸೋತಮೇಲೆ, ರಜಾಕಾರರ ಮೇಲಿನ ಸಿಟ್ಟಿಗೆ ನಿಮ್ಮ ಯಜಮಾನರನ್ನು ನಮ್ಮೂರವರೇ ಕೊಂದದ್ದು ಅಲ್ಲಿದ್ದ ಎಲ್ಲರಿಗೂ ಗೊತ್ತು. ಅತ್ತೆ ನನ್ನ ಸೆರಗು ಹಿಡಿದೆಳೆದರು.

"ಸುಮ್ಮ ಕುಂದ್ರ. ನಮ್ಮ ಮನೀಗೂ ಬೆಂಕಿ ಹಚ್ಚಸ್ತಿ ಏನ?"

ಆಗ ಭೀಮಬಾಯಿ ಎದ್ದಳು. ಆಕೆಯ ಮಗನನ್ನು ರಜಾಕಾರರು ಹೊಲದಲ್ಲೇ ಗುಂಡಿಟ್ಟು ಕೊಂದಿದ್ದರಲ್ಲ.

"ನನ್ನ ಮಗನ ಹೆಣಾ ಹೊತ್ತು ತಂದಾಂವ ಅವನೇರಿ. ಅವತ್ತು ನೀವ್ಯಾರೂ ಬರಲಿಲ್ಲ. ಹೆಸರ ಹೇಳ್ರಿ."

ಮಲ್ಲಿಕಾರ್ಜುನಪ್ಪನವರು ಹೇಳಿದರು, ಆಪಾ. ದನಿ ಸಣ್ಣದಾಗಿತ್ತು, ಆದರೂ ಎಲ್ಲರಿಗೂ ಕೇಳಿಸಿತು. ಜನ ಕೈಮುಗಿದರು. ನಿಮ್ಮ ಯಜಮಾನರನ್ನು ನಿಮ್ಮ ಅಂಗಳದಿಂದ ಎಳೆದೊಯ್ದ ಇಬ್ಬರೂ ಮುಂದಿನ ಸಾಲಿನಲ್ಲೇ ಕೂತಿದ್ದರು.

ಅವರೂ ಕೈಮುಗಿದರು.

ನಿಮ್ಮ ಬಾಜೂ ಮನೆಯ
ಅನುಸೂಯಾ