ಸೀಳಿನಲ್ಲಿ ಅಂಟು

ಮಾರ್ಚ್ ೧೪, ಶುಕ್ರವಾರ

ಪ್ರೀತಿಯ ಅಕ್ಕನಿಗೆ,

ನಮಸ್ಕಾರ. ಆಸ್ಪತ್ರೆಯಲ್ಲಿ ನಿಮ್ಮಿಬ್ಬರನ್ನೂ ನೋಡಿ ಬಂದು ಐದು ವಾರವಾದರೂ ಒಂದು ಸಾಲು ಬರೆಯಲಿಲ್ಲ, ತಪ್ಪಾಯಿತು. ಬಲಗೈಗೆ ಪ್ಲಾಸ್ಟರ್ ಹಾಕಿದ್ದಾರೆ, ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅದಕ್ಕೇ ಅಕ್ಷರವೆಲ್ಲ ಕಾಗೆ ಕಾಲು ಗುಬ್ಬಿ ಕಾಲು.

ಭಾವನ ಕೈ ಹೇಗಿದೆ? ಮೂರು ಬೆರಳು ಹೋದ ಮೇಲೂ, "ತಂತಿ ಹಿಡಿಯೋಕೆ ಎರಡು ಸಾಕು ಬಿಡೋ" ಅಂದರಲ್ಲ, ಆಗ ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ನೀನು ಅಳಲಿಲ್ಲ. "ಯಾರ ಕೈಯಿಂದ ಇದಾಯ್ತೋ ಆ ಕೈನ ಸುತ್ತಿಗೇಲಿ ಜಜ್ಜಿ ಹಾಕ್ತೀನಿ, ಹುಡುಕು" ಅಂದೆ. ಹುಡುಕಿದೆ.

ಭಾವ ಆ ದಿನ ರಿಪೇರಿಗೆ ತೆರೆದಿದ್ದ ಟೆಲಿಫೋನ್ ಪೆಟ್ಟಿಗೆಯ ಬೋರ್ಡು ಸುಟ್ಟು ಕರಕಲಾಗಿ ನಮ್ಮ ಕಾರ್ಖಾನೆಗೇ ಬಂತು. ನಕ್ಷೆ ನನ್ನದೇ, ನಿನಗೆ ಗೊತ್ತು. ಹೊರಗಿನ ಲೈನಿಗೆ ಸಿಡಿಲು ಬಡಿದರೂ ಒಳಗೆ ಕೈಯಿಟ್ಟವನಿಗೆ ತಾಗಬಾರದೆಂದು ಎರಡು ಕಡೆಯ ತಾಮ್ರದ ಗೆರೆಗಳ ನಡುವೆ ಅಂತರ ಇಡುತ್ತೇವೆ. ಆದರೆ ಕರೆಂಟು ಭಾರಿ ಕಳ್ಳ. ಗಾಳಿಯಲ್ಲಿ ನೆಗೆಯಲಾಗದಿದ್ದರೆ ಬೋರ್ಡಿನ ಮೈಮೇಲಿನ ಧೂಳು, ತೇವ ಹಿಡಿದು ತೆವಳುತ್ತದೆ. ಅದಕ್ಕೇ ನಡುವೆ ಒಂದು ಸೀಳು ಕೊಯ್ಯಿಸುತ್ತೇನೆ, ತೆವಳಲು ನೆಲವೇ ಇರಬಾರದು ಅಂತ. ಆ ಸೀಳಿನ ತುಂಬ ಅಂಟು ತುಂಬಿತ್ತು ಅಕ್ಕ! ಕರೆಂಟು ಭಾವನ ಕೈಗೆ ತೆವಳಿದ ಕರಕಲು ದಾರಿ ಅದರ ಮೇಲೇ ಹಾದು ಹೋಗಿತ್ತು.

ಮೈಯೆಲ್ಲ ಉರಿದುಹೋಯಿತು. ಬಿಡಿಭಾಗಗಳು ಅಲುಗದಂತೆ ಅಂಟು ಹಾಕಿಸುವ ಮೇಸ್ತ್ರಿಯ ಹತ್ತಿರ ಓಡಿದೆ. "ಹೂಂ ಸಾರ್, ಎಲ್ಲಾ ಬೋರ್ಡಿಗೂ ಹಾಗೇ ಹಾಕಿದ್ದೀವಿ" ಅಂದ ನಗುನಗುತ್ತಾ. ಕೊರಳಪಟ್ಟಿ ಹಿಡಿದು ಗೋಡೆಗೆ ಅಪ್ಪಳಿಸಿದೆ. ಬಾಯಿಗೆ ಗುದ್ದಿದೆ. ಎರಡು ಹಲ್ಲು ಬೋರ್ಡುಗಳ ಮೇಲೆ ಉದುರಿದವು. ಅವನು ಕೈಗೆ ಸಿಕ್ಕ ಸ್ಕ್ರೂಡ್ರೈವರಿನಿಂದ ನನ್ನ ತೊಡೆಗೆ ಇರಿದ. ಮತ್ತೊಂದು ಗುದ್ದು ಬೀಸಿದೆ, ಅವನು ತಪ್ಪಿಸಿಕೊಂಡ. ಏಟು ಕಬ್ಬಿಣದ ಕಪಾಟಿಗೆ ಬಿದ್ದು ನನ್ನ ಮೂಳೆಯೇ ಮುರಿಯಿತು. ರಕ್ತ ಉಗುಳುತ್ತಾ ಅವನು ಗೋಡೆಗೆ ಅಂಟಿಸಿದ್ದ ಚೀಟಿ ತೋರಿಸಿ "ಓದಿ ಸಾರ್, ಓದಿ" ಎಂದು ಕಿರುಚುತ್ತಿದ್ದ. ಓದುವ ಸ್ಥಿತಿಯಲ್ಲಿ ನಾನಿರಲಿಲ್ಲ. ನಾಲ್ವರು ನನ್ನನ್ನು ಎಳೆದು ಹೊರಗೆ ಹಾಕಿದರು.

ಕೆಲಸ ಹೋಯಿತು, ಹೋಗಲಿ. ಇಂಥ ಮುನ್ನೂರು ಪೆಟ್ಟಿಗೆಗಳು ಬೀದಿಗಳಲ್ಲಿದ್ದವು. ಎಲ್ಲವನ್ನೂ ವಾಪಸ್ ತರಿಸುತ್ತಿದ್ದಾರೆ.

ಭಾವನಿಗೆ ನಮಸ್ಕಾರ ಹೇಳು. ಪುಟ್ಟಿ ಈಗ ಅಪ್ಪನ ಅಂಗಿಗೆ ತಾನೇ ಗುಂಡಿ ಹಾಕುತ್ತಾಳಂತೆ. ಅವಳು ನೂರು ಕಾಲ ಚೆನ್ನಾಗಿರಲಿ.

ನಿನ್ನ ತಮ್ಮ

ವಿ.ಸೂ.: ನಿನ್ನೆ ಮೇಸ್ತ್ರಿಯ ಹೆಂಡತಿ ಬಂದು ಆ ಚೀಟಿಯನ್ನು ನನ್ನ ಮುಖಕ್ಕೆ ಎಸೆದು ಹೋದಳು. "ಸೀಳಿನಲ್ಲಿ ಅಂಟು ಬಿಟ್ಟು ಒಣಗಿಸಿ" ಎಂದಿತ್ತು. ಬರೆದವನ ಮನಸ್ಸಿನಲ್ಲಿದ್ದದ್ದು, ಅಲ್ಲಿ ಅಂಟು ಹಾಕದೆ ಬಿಡಿ ಅಂತ. ಬಾಣಲೆಗೆ ಎಣ್ಣೆ ಬಿಡುವ ಹಾಗೆ ಬಿಡಬೇಕು ಎಂದು ಅವರು ಓದಿಕೊಂಡರು. ಯಾರಾದರೂ ಹಾಗೇ ಓದುತ್ತಾರೆ. ಅಕ್ಷರ ದುಂಡಗಿತ್ತು ಅಕ್ಕ, ನನ್ನ ಬಲಗೈಯದು. ಸೋಮವಾರ ಪ್ಲಾಸ್ಟರ್ ಬಿಚ್ಚುತ್ತಾರೆ, ನೇರ ನಿನ್ನ ಮನೆಗೇ ಬರುತ್ತೇನೆ. ಸುತ್ತಿಗೆ ತೆಗೆದಿಡು.